ಅಲುಗಾಡುತ್ತಿದ್ದ ಬಾಗಿಲು

ಪ್ರೀತಿಯ ಅಪ್ಪಾ,

ನಾವು ಮೂವರೂ ಬದುಕಿದ್ದೇವೆ! ಅದನ್ನೇ ಮೊದಲು ಬರೆಯಬೇಕೆಂದು ಅಜ್ಜಿಯ ಅಪ್ಪಣೆ. ಟಪಾಲಿನ ದೋಣಿ ಕಾಯುತ್ತಿದೆ, ಬೇಗ ಹೇಳಿಬಿಡುತ್ತೇನೆ.

ನಿನ್ನೆ ಬೆಳಿಗ್ಗೆ ಹೊಳೆ ಉಕ್ಕಿ ಮನೆಯೊಳಗೇ ನುಗ್ಗಿತು. “ಊರಿಗೆಲ್ಲ ಬಾಗಿಲು ಮಾಡ್ತಾನೆ, ತನ್ನ ಮನೆ ಬಾಗಿಲು ಮಾತ್ರ ಸರಿ ಮಾಡಲ್ಲ” ಎಂದು ಅಜ್ಜಿ ದಿನಾ ನಿಮ್ಮನ್ನು ಬೈಯುತ್ತಿದ್ದರಲ್ಲ, ಅದೇ ಬಾಗಿಲು! ಜೋರಾಗಿ ಎಳೆದೆ, ಸಡಿಲ ಕೀಲು ಕಿತ್ತು ಬಾಗಿಲೇ ಕೈಗೆ ಬಂತು. ಅಜ್ಜಿಯನ್ನೂ ತಮ್ಮನನ್ನೂ ಅದರ ಮೇಲೆ ಕೂರಿಸಿ, ಈಜುತ್ತ ಶಾಲೆಯ ಮೆಟ್ಟಿಲವರೆಗೂ ತಳ್ಳಿದೆ, ಅಪ್ಪಾ, ನಾನೇ! ದಾರಿಯುದ್ದಕ್ಕೂ ಅಜ್ಜಿಯದು ಒಂದೇ ಮಾತು: “ಮೆಲ್ಲಗೆ ಕಣೇ, ಬಾಗಿಲಿಗೆ ಏಟು ಬಿದ್ದೀತು!”

ಸೇತುವೆ ಕೆಲಸ ಮುಗಿಸಿ ಬರುವಾಗ ಉಳಿ, ಗರಗಸ ತನ್ನಿ. ಇಲ್ಲಿದ್ದವು ಸಿಗಲಿಲ್ಲ. ಬಾಗಿಲು ಸಿದ್ಧವಾಗಿದೆ. ಅದಕ್ಕೊಂದು ಮನೆ ಕಟ್ಟಿದರೆ ಸಾಕು.

ನಿಮ್ಮ
ಚಿನಕುರುಳಿ