ಹಾಳ್ಯಾಗ ಕಡೀಕ ಬರದ ಮಾತು

ಸಮ್ಮೇದ,

ನಾ ಘಟಪ್ರಭಾಕ್ಕ ಹೊಂಟೀನಿ. ಅವ್ವ ಮಾವನ ಮನ್ಯಾಗ ಅಳಕೋತ ಕುಂತಾಳ, ಕರಕೊಂಡ ಬರತೀನಿ.

ಅಂಗಡಿ ಕಂಪ್ಯೂಟರಿಗೆ ಪ್ರೋಗ್ರಾಮ್ ಮಾಡಿದಿ, ಭಾಳ ಶಾಣ್ಯಾ ಅದಿ. ಆದ್ರ ಅದನ್ನ ನಡಸೂದು ಹೆಂಗಂತ ಅವ್ವಗ ಬರದ ಕೊಟ್ಟಿಯಲ್ಲಾ, ಆ ಹಾಳಿ ಯಾವ ಊರಿನವರಿಗೆ ಬರದಿ? ಗಿರಾಕಿ ಹೆಸರ ಹಾಕು, ಊರ ಹಾಕು, ಸೀರಿ ನಮೂನಿ ಹಾಕು, ಎಲ್ಲಾ ಮುಗದ ಮ್ಯಾಲ ಕಡೀಕ 'ಸೇವ್ ಮಾಡು' ಅಂತ! ಗೋಕಾಕದಾಗ ಕರೆಂಟ್ ನಿನ್ನ ಕಡೀ ಮಾತಿನ ತನಕಾ ಕಾಯತೈತೇನು? ಮುಂಜಾನಿಂದ ಆಕಿ ಟೈಪ್ ಮಾಡಿದ್ದೆಲ್ಲಾ ಹೋತು. ಮ್ಯಾಲ ನೀ ಗಿರಾಕಿ ಮುಂದ "ಪೂರಾ ಓದಿದ ಮ್ಯಾಲ ಮುಟ್ಟಬೇಕಿತ್ತು" ಅಂತ ಆಕಿ ಮ್ಯಾಲ ಒದರಿದಿ.

ಆ ಹಾಳಿ ಹರದ ಒಲಿಗೆ ಹಾಕೀನಿ. ಬ್ಯಾರೇ ಬರಿ. ಒಂದ ಹೆಸರ ಹಾಕೂದು, ಸೇವ್ ಮಾಡೂದು, ಆಮ್ಯಾಲ ಮುಂದಿಂದು.

ಹೊತ್ತ ಮುಳುಗೂದ್ರಾಗ ಉಣ್ಣು. ರೊಟ್ಟಿ ಬುಟ್ಟ್ಯಾಗ ಅದಾವು. ಕಟ್ಟಿ ಮ್ಯಾಲಿನ ಹಾಲಿಗೆ ಸಕ್ಕರಿ ಹಾಕ್ಕೊಂಡ ಕುಡಿ. ಲೋಟಾ ತೊಳದ ಇಡು.

ಆ ಹಾಲಿಗೆ ಬೆಕ್ಕ ಬಾಯಿ ಹಾಕೇತಿ.

ಸಿಟ್ಟ ಬಂತೇನು? ಪೂರಾ ಓದಿದ ಮ್ಯಾಲ ಕುಡೀಬೇಕಿತ್ತು.

ಆರತಿ ಅಕ್ಕ