ಎಡದವಡೆಯ ಹಲ್ಲು

ಮನೆಯಿಂದ,
ಹದಿನಾಲ್ಕನೇ ತಾರೀಖು, ಸೋಮವಾರ, ಅಂಗಡಿಗೆ ರಜೆ

ಪ್ರೀತಿಯ ಇವಳೇ,

ಹೇಗಿದ್ದೀಯ? ವಾರ್ಡಿನಲ್ಲಿ ನಿಂತು ನಿಂತು ಕಾಲು ಊದುತ್ತದೆ ಎಂದು ಬರೆದಿದ್ದೆ, ಈಗ ಇಳಿದಿದೆಯೇ? ಹಾಸ್ಟೆಲಿನ ಊಟ ಇನ್ನೂ ಸಪ್ಪೆಯೇ? ತರಗತಿಯ ಹುಡುಗಿಯರು ನಿನ್ನನ್ನು ‘ಆಂಟಿ’ ಅನ್ನುವುದು ಬಿಟ್ಟು ‘ಅಕ್ಕ’ ಅನ್ನತೊಡಗಿದ್ದು ಓದಿ ನಗು ಬಂತು. ನಾನು ಚೆನ್ನಾಗಿದ್ದೇನೆ. ಗುಬ್ಬಿಯೂ ಚೆನ್ನಾಗಿದ್ದಾಳೆ. ಇದು ಪ್ರತಿ ಪತ್ರದಲ್ಲೂ ಬರೆಯುವ ಮಾಮೂಲಿ ಸಾಲಲ್ಲ, ನಿಜವಾಗಿಯೂ ಚೆನ್ನಾಗಿದ್ದಾಳೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ದನಿ ಕೇಳಿದ ದಿನವೆಲ್ಲ ಅವಳು ಬೀರು, ಬಚ್ಚಲು, ಮಂಚದ ಕೆಳಗೆ ನಿನ್ನನ್ನು ಹುಡುಕುತ್ತಾಳೆ. ಅಂಗಡಿಯಿಂದ ಮಾಡೋಣವೆಂದರೆ ಕ್ಷೌರಕ್ಕೆ ಕೂತವರ ಕಿವಿ ನನ್ನ ಕತ್ತರಿಗಿಂತ ಚೂಪು.

ನಿನ್ನ ಪತ್ರ ತಲುಪಿತು. ‘ಗುಬ್ಬಿ ನನ್ನನ್ನು ನೆನೆದು ಕೆನ್ನೆ ಹೊಡೆದುಕೊಳ್ಳುವುದಾದರೆ ಈ ನರ್ಸಿಂಗ್ ತರಬೇತಿಯೇ ಬೇಡ, ಮೂವತ್ತನೇ ತಾರೀಖು ಅರ್ಜಿ ಕೊಟ್ಟು ಹೊರಟು ಬರುತ್ತೇನೆ’ ಎಂದಿದ್ದೀಯ. ಹತ್ತೊಂಬತ್ತು ವರ್ಷ ಅವಳ ಹಿಂದೆಯೇ ಓಡಾಡಿಕೊಂಡು, ಆಸ್ಪತ್ರೆಯ ಆಯಾ ಕೆಲಸದಲ್ಲೇ ಇದ್ದು, ನಲವತ್ತೆರಡಕ್ಕೆ ಸಿಕ್ಕಿದ ಸೀಟು ಅದು. ಬಿಟ್ಟರೆ ಮತ್ತೆ ಕೊಡುವುದಿಲ್ಲ. ಉತ್ತರ ಬರೆಯುವ ಮೊದಲು ಇಲ್ಲಿ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಅವಳಿಗಿದ್ದದ್ದು ಹಲ್ಲುನೋವು. ನೀನು ಹೋಗಿ ಒಂದು ತಿಂಗಳಿಗೆ ಕೆನ್ನೆ ಹೊಡೆದುಕೊಳ್ಳುವುದು ಶುರುವಾಯಿತಲ್ಲ, ಯಾವಾಗಲೂ ಎಡಗೆನ್ನೆಯೇ ಎಂಬುದನ್ನು ನಾನು ಗಮನಿಸಲಿಲ್ಲ. ಕೂದಲು ಕತ್ತರಿಸಲು ಬಿಡದಿದ್ದಾಗಲೂ ನೀನಿಲ್ಲದ ಬೇಸರ ಎಂದುಕೊಂಡೆ. ದಿನಕ್ಕೆ ಇಪ್ಪತ್ತು ಜನರ ಗಲ್ಲ ಹಿಡಿಯುವವನಿಗೆ ಮಗಳ ಗಲ್ಲ ಊದಿದ್ದು ಕಾಣಲಿಲ್ಲ. ಏಳು ವಾರದ ಹಿಂದೆ ಹೇಗೋ ಕೂರಿಸಿ ಎಡಗಡೆ ಕೈ ಇಟ್ಟೆ, ನನ್ನ ಹೆಬ್ಬೆರಳಿನ ಬುಡ ಕಚ್ಚಿಬಿಟ್ಟಳು. ಆಗ ಬಾಯಿಯ ವಾಸನೆ ಬಂತು. ನಿನಗೆ ಗಾಬರಿಯಾಗುತ್ತದೆ ಎಂದು ಬರೆಯಲಿಲ್ಲ.

ಮೊದಲ ಕ್ಲಿನಿಕ್ಕಿನಲ್ಲಿ ಹಲ್ಲು ಕೊರೆಯುವ ಸದ್ದು ಕೇಳಿ ಮೆಟ್ಟಿಲ ಮೇಲೆಯೇ ಕೂತಳು. ಡಾಕ್ಟರು ಇಣುಕಿ ನೋಡಿ ‘ಇಬ್ಬರು ಹಿಡ್ಕೊಂಡ್ರೆ ಎರಡೇ ನಿಮಿಷ’ ಅಂದರು. ನಾನೂ ಕಾಂಪೌಂಡರೂ ಹಿಡಿದುಕೊಂಡೆವು. ಆಮೇಲಿನದ್ದು ಬರೆಯಲಾರೆ, ಹಲ್ಲಂತೂ ಬಾಯಲ್ಲೇ ಉಳಿಯಿತು. ಎರಡನೇ ಕಡೆ ಕೌಂಟರಿನವಳು ‘ಆಟಿಸಂ ಅಂತ ಫೋನಲ್ಲೇ ಹೇಳ್ಬೇಕಿತ್ತು ಸಾರ್, ಬೇರೆ ಪೇಷೆಂಟ್ಸ್ ಕೂತಿದಾರೆ’ ಅಂದಳು. ಮೂರನೆಯವರು ಒಳ್ಳೆಯವರು, ‘ಇಂಥವರನ್ನ ನೋಡೋದು ನಮಗೆ ಯಾರೂ ಕಲಿಸಲಿಲ್ಲ’ ಎಂದು ಒಪ್ಪಿಕೊಂಡು ದೊಡ್ಡಾಸ್ಪತ್ರೆಗೆ ಚೀಟಿ ಕೊಟ್ಟರು. ಅಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸಿ ಕೀಳುತ್ತಾರೆ, ಸರದಿ ಬರಲು ಎಂಟು ತಿಂಗಳು. ಪಟ್ಟಿಗೆ ಸೇರಿಸಲು ಮೊದಲು ಹಲ್ಲಿನ ಎಕ್ಸ್‌ರೇ ತರಬೇಕಂತೆ. ಅದಕ್ಕೆ ಬಾಯೊಳಗೆ ಫಿಲ್ಮ್ ಕಚ್ಚಿಕೊಂಡು ಅಲುಗಾಡದೆ ಕೂರಬೇಕು. ‘ಅಷ್ಟು ಕೂರೋಳಾಗಿದ್ರೆ ನಿಮ್ಮ ಹತ್ರ ಯಾಕಮ್ಮಾ ಬರ್ತಿದ್ದೆ?’ ಅಂದೆ. ಗುಮಾಸ್ತೆ ಕನ್ನಡಕ ಏರಿಸಿಕೊಂಡು ‘ರೂಲ್ಸ್ ನಾನು ಮಾಡಿದ್ದಲ್ಲ ಯಜಮಾನ್ರೇ’ ಅಂದರು. ಅವರದ್ದೂ ಸರಿಯೇ. ನಾವು ಬಸ್ಸಿನಲ್ಲಿ ವಾಪಸು ಬಂದೆವು, ದಾರಿಯುದ್ದಕ್ಕೂ ಅವಳು ಹೊಡೆದುಕೊಂಡಳು, ಜನ ಎದ್ದು ಬೇರೆ ಸೀಟಿಗೆ ಹೋದರು.

ಅಂಗಡಿಗೆ ಬರುವ ಬೊಕ್ಕತಲೆ ಮೇಷ್ಟ್ರು ನೆನಪಿದ್ದಾರಲ್ಲ? ಹತ್ತು ಕೂದಲಿಗೆ ತಿಂಗಳಿಗೊಮ್ಮೆ ಬಂದು ಎರಡೂ ಪತ್ರಿಕೆ ಮುಗಿಸಿ ಹೋಗುವವರು. ಕಾಲೇಜು ಮೇಷ್ಟ್ರು ಎಂದಷ್ಟೇ ಗೊತ್ತಿತ್ತು, ಅದು ಹಲ್ಲಿನ ಡಾಕ್ಟರಾಗುವವರ ಕಾಲೇಜು ಎಂದು ಆ ವಾರ ಬಂದಾಗಲೇ ತಿಳಿದದ್ದು. ನನ್ನ ಕೈಯ ಪಟ್ಟಿ ನೋಡಿ ‘ಏನಯ್ಯಾ, ನಾಯಿ ಕಚ್ತಾ?’ ಅಂದರು. ‘ಮಗಳು ಸಾರ್’ ಅಂದು ಎಲ್ಲ ಹೇಳಿದೆ. ಅವರು ಕೇಳಿದ ಪ್ರಶ್ನೆ ಒಂದೇ: ‘ಮತ್ತೆ ಅವಳ ಕೂದಲು ಹೇಗೆ ಕತ್ತರಿಸ್ತೀಯ?’ ನಮ್ಮ ಪದ್ಧತಿ ವಿವರಿಸಿದೆ. ರಜೆಯ ದಿನ, ಅರ್ಧ ಇಳಿಸಿದ ಷಟರ್, ಒಂದೇ ದೀಪ. ಕತ್ತರಿಯನ್ನು ಮೊದಲು ಅವಳ ಕೈಗೆ ಕೊಡುವುದು. ಜೋರಾಗಿ ಹತ್ತರವರೆಗೆ ಎಣಿಸಿ, ಅರ್ಧ ಕತ್ತರಿಸಿದ್ದರೂ ಹತ್ತಕ್ಕೆ ಕೈ ಎತ್ತಿಬಿಡುವುದು. ಒಂದು ಸಲ ಹನ್ನೊಂದಾದರೆ ಮುಂದಿನ ಹತ್ತನ್ನು ಅವಳು ನಂಬುವುದಿಲ್ಲ. ಮೇಷ್ಟ್ರು ಕನ್ನಡಿಯಲ್ಲಿ ನನ್ನನ್ನು ನೋಡಿ ‘ಇಷ್ಟು ಗೊತ್ತಿದ್ದೂ ಹಿಡ್ಕೊಂಡ್ಯಾ?’ ಅಂದರು. ನಾನು ಅವರ ಕುತ್ತಿಗೆಯ ಬಟ್ಟೆ ಬಿಚ್ಚಿ ಕೊಡವಿದೆ.

ಆಮೇಲೆ ಪ್ರತಿ ರಜೆಯ ದಿನ ಅವರು ಅಂಗಡಿಗೆ ಬಂದರು. ನೋವಿಗೂ ಕೀವಿಗೂ ಔಷಧಿ ಮೊದಲೇ ಕೊಟ್ಟಿದ್ದರು. ಮೊದಲ ವಾರ ಬೆಂಚಿನ ಮೇಲೆ ಪತ್ರಿಕೆ ಓದಿ ಎದ್ದುಹೋದರು, ಅಷ್ಟೇ. ಎರಡನೇ ವಾರ ಹಲ್ಲು ನೋಡುವ ಪುಟ್ಟ ಕನ್ನಡಿ ಅವಳ ಕೈಗೆ ಕೊಟ್ಟರು, ಅವಳದನ್ನು ಮೂಸಿ ನೋಡಿದಳು. ಮೂರನೇ ವಾರ ನನ್ನ ಕುರ್ಚಿಯಲ್ಲೇ ಬಾಯಿ ತೆರೆದಳು, ಹತ್ತಕ್ಕೆ ಮುಚ್ಚಿದಳು. ‘ನನ್ನ ವಿದ್ಯಾರ್ಥಿಗಳಿಗಿಂತ ಶಿಸ್ತು ಕಣಯ್ಯಾ ಇವಳದ್ದು’ ಅಂದರು. ಮತ್ತೆರಡು ವಾರ ಕಾಲೇಜಿನ ಖಾಲಿ ಕೋಣೆಗೆ ಹೋಗಿ ಬಂದೆವು. ಹೋದ ಸೋಮವಾರ ನನ್ನ ಅಂಗಡಿಯ ಬಟ್ಟೆಯನ್ನೇ ಕುತ್ತಿಗೆಗೆ ಕಟ್ಟಿ ಕೂರಿಸಿದೆ, ನಾನು ಎಣಿಸಿದೆ. ಎಕ್ಸ್‌ರೇ ಒಂದು ಹತ್ತರಲ್ಲಿ ಮುಗಿಯಿತು. ಇಂಜೆಕ್ಷನ್ನಿಗೆ ಕಿರುಚಿದಳು, ಕುರ್ಚಿಯಿಂದ ಇಳಿದು ಬಾಗಿಲವರೆಗೆ ಹೋದಳು, ತಾನಾಗಿಯೇ ತಿರುಗಿ ಬಂದಳು. ಮೂವತ್ತೊಂದನೇ ಹತ್ತಕ್ಕೆ ಹಲ್ಲು ಹೊರಗೆ ಬಂತು. ಯಾರೂ ಅವಳನ್ನು ಹಿಡಿದುಕೊಳ್ಳಲಿಲ್ಲ.

ಈಗ ಎರಡೂ ಕಡೆ ಅಗಿಯುತ್ತಾಳೆ, ಎಂಟಕ್ಕೆಲ್ಲ ಮಲಗುತ್ತಾಳೆ, ಹೊಡೆದುಕೊಂಡು ಏಳು ದಿನವಾಯಿತು. ಮನೆ ಸದ್ದಿಲ್ಲದೆ ಇದೆ. ಅಂಗಡಿಯಲ್ಲಿ ದಿನವಿಡೀ ಲೋಕದ ಮಾತೆಲ್ಲ ಆಡುತ್ತೇನೆ. ಮನೆಗೆ ಬಂದರೆ ಅವಳಿಗಾಗಿ ಎಣಿಸುವ ಹತ್ತು ಅಂಕಿಗಳನ್ನು ಬಿಟ್ಟರೆ ಬಾಯಿಂದ ಇನ್ನೇನೂ ಹೊರಡುವುದಿಲ್ಲ. ಹಲ್ಲು ಕಿತ್ತ ದಿನ ಯಾರಿಗಾದರೂ ಹೇಳಬೇಕೆಂದು ಬೀದಿಯ ಕೊನೆಯವರೆಗೆ ಹೋಗಿ, ಬ್ರೆಡ್ಡು ತೆಗೆದುಕೊಂಡು ವಾಪಸು ಬಂದೆ.

ಕಾಲಿಗೆ ಬಿಸಿನೀರು ಹಾಕಿಕೋ. ಓದು ಅಂತ ಊಟ ಬಿಡಬೇಡ. ನಿನ್ನನ್ನು ಅಕ್ಕ ಅನ್ನುವ ಹುಡುಗಿಯರಿಗೆಲ್ಲ ನನ್ನ ಆಶೀರ್ವಾದ ಹೇಳು.

ಇಂತಿ ನಿನ್ನ,
ರೀ

ಮತ್ತೆ: ‘ಮರೆತಿದ್ದೆ’ ಎಂದು ಬರೆಯಹೊರಟೆ. ಮರೆತಿರಲಿಲ್ಲ. ಟಪಾಲು ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನಗೆ ಗಾಬರಿಯಾಗುತ್ತದೆ ಎಂದು ತಿಳಿಸಲಿಲ್ಲ ಅಂದೆನಲ್ಲ, ಅದು ಸುಳ್ಳು. ಹಲ್ಲು ಎಂದು ಗೊತ್ತಾದ ಮೇಲೂ ನಿನಗೆ ಎರಡು ಪತ್ರ ಹಾಕಿದೆ. ಎರಡರಲ್ಲೂ ಗುಬ್ಬಿ ನಿನ್ನನ್ನು ನೆನೆದೇ ಹೊಡೆದುಕೊಳ್ಳುತ್ತಾಳೆ ಎಂದು ಬರೆದೆ. ಅವಳಿಗೋಸ್ಕರವಾದರೆ ನೀನು ಬರುತ್ತೀಯ ಎಂದು ಗೊತ್ತಿತ್ತು. ನನಗೋಸ್ಕರ ಬಾ ಎಂದು ಬರೆಯಲು ನಾಚಿಕೆಯಾಯಿತು. ಅರ್ಜಿ ಕೊಡಬೇಡ, ಕೊಟ್ಟಿದ್ದರೆ ಇವತ್ತೇ ಹೋಗಿ ವಾಪಸು ತೆಗೆದುಕೋ. ಕೋರ್ಸು ಮುಗಿಸಿಯೇ ಬಾ. ನನ್ನನ್ನು ಬೈದು ಒಂದು ಪತ್ರ ಬರಿ. ಉದ್ದವಾಗಿಯೇ ಬರಿ.