ಎಲ್ಲರೂ ನಕ್ಕ ಆ ಸೀನು

ಪ್ರೀತಿಯ ತಮ್ಮನಿಗೆ,

ನೀನು ಬರೆದ ಸಿನಿಮಾ ನೋಡಬೇಡಿ ಎಂದಿದ್ದೆಯಲ್ಲ, ನೋಡಿದೆವು. ನಾನೊಬ್ಬಳೇ ಅಲ್ಲ, ಅಮ್ಮನೂ. ಭಾನುವಾರದ ಮ್ಯಾಟಿನಿಯಿಂದ ಈಚೆಗೆ ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ. ಸೋಮವಾರ ಲ್ಯಾಬಿನಲ್ಲಿ ಯಾರದೋ ಹೊಸ ಹಲ್ಲುಸೆಟ್ಟನ್ನು ನೆಲಕ್ಕೆ ಬೀಳಿಸಿ ಎರಡು ಮುಂಭಾಗದ ಹಲ್ಲು ಮುರಿದೆ. ಇಷ್ಟು ವರ್ಷ ಹಲ್ಲು ಮಾಡಿದ್ದೇನೆ, ಒಂದನ್ನೂ ಮುರಿದವಳಲ್ಲ.

ನಿನ್ನ ಫೋನು ಯಾವಾಗ ಮಾಡಿದರೂ ಸ್ವಿಚ್ ಆಫ್. ನಿನ್ನ ಜೊತೆಗಿರುವ ಹುಡುಗನಿಗೆ ಮಾಡಿದರೆ, "ಇದಾನೆ ಅಕ್ಕಾ, ಮಲಗಿದಾನೆ" ಎನ್ನುತ್ತಾನೆ. ಮಟಮಟ ಮಧ್ಯಾಹ್ನವೂ ಮಲಗಿರುತ್ತೀಯ, ಸಂಜೆಯೂ ಮಲಗಿರುತ್ತೀಯ. ವಿಮರ್ಶೆಗಳನ್ನು ಓದಿ ಮುಸುಕು ಹಾಕಿಕೊಂಡಿದ್ದೀಯ ಎಂದು ತಿಳಿಯಲು ನನಗೆ ಜ್ಯೋತಿಷ್ಯ ಬೇಕಿಲ್ಲ. ಅದಕ್ಕೇ ಈ ಕಾಗದ.

ಈ ಮನೆಯಲ್ಲಿ ಸೂಪರ್‌ಹೀರೋ ಹುಚ್ಚು ಹತ್ತಿದ್ದು ನನಗೆ, ನಿನಗಲ್ಲ. ಅಮ್ಮನ ಲಾಂಡ್ರಿಗೆ ಬಂದ ಗಿರಾಕಿಗಳ ಹಾಸಿಗೆ ಹೊದಿಕೆಯನ್ನು ಬೆನ್ನಿಗೆ ಕಟ್ಟಿಕೊಂಡು ಮೆಟ್ಟಿಲಿಂದ ಹಾರುತ್ತಿದ್ದವಳು ನಾನು. ನೀನು ಯಾವಾಗಲೂ ಕೆಳಗೆ ನಿಂತು "ಕಾಪಾಡಿ, ಕಾಪಾಡಿ" ಎಂದು ಕೂಗುವ ಜನಸಾಗರ. ಅಮ್ಮ ಹ್ಯಾಂಗರ್ ಹಿಡಿದು ಬಂದಳೆಂದರೆ ಕಾಪಾಡಬೇಕಾದ ನಾನೇ ಮೊದಲು ಓಡುತ್ತಿದ್ದೆ. ಇಂಥ ಒಂದು ಸಿನಿಮಾವನ್ನೂ ಬಿಡದೆ ನೋಡಿದವಳು ನಾನು. ಆದ್ದರಿಂದ ನನಗೂ ಒಂದು ಅಭಿಪ್ರಾಯ ಹೇಳುವ ಹಕ್ಕಿದೆ. ಸುಮ್ಮನೆ ಓದು.

ಸಿನಿಮಾ ಬಂದ ವಾರವೇ ಲ್ಯಾಬಿನಲ್ಲಿ ನನ್ನ ಪಕ್ಕದ ಟೇಬಲ್ಲಿಗೆ ಕೂತು ಹಲ್ಲು ಪಾಲಿಶ್ ಮಾಡುವ ಅಕ್ಕ ಫೋನು ನೋಡಿಕೊಂಡು ವಿಮರ್ಶೆಗಳನ್ನು ಜೋರಾಗಿ ಓದಲು ಶುರುಮಾಡಿದಳು. ಆ ಸಿನಿಮಾ ಬರೆದವನು ನನ್ನ ತಮ್ಮ ಎಂದು ಅವಳಿಗೆ ಗೊತ್ತಿರಲಿಲ್ಲ. "ಊರು ಹೊತ್ತಿ ಉರಿಯುವಾಗ ಬಟ್ಟೆ ಒಗೆಯುವ ಮಷೀನಿನ ಸದ್ದು ಕೇಳುತ್ತ ಕೂರುವ ವೀರ" ಎಂದು ಒಬ್ಬ ಬರೆದಿದ್ದ. ಲಾಂಡ್ರಿಯವಳ ಮಗ ಮಷೀನಿನ ಬಗ್ಗೆ ಬರೆದಿದ್ದಾನೆ, ಅದರಲ್ಲೇನು ಎಂದುಕೊಂಡು ನಾನು ಹಲ್ಲುಸೆಟ್ಟು ಉಜ್ಜುತ್ತ ಕೂತಿದ್ದೆ. ಇನ್ನೊಬ್ಬನಂತೂ, "ತಾಯಿಯ ಪಾತ್ರ ಬರೆದವರಿಗೆ ತಾಯಿ ಎನ್ನುವವಳು ಇದ್ದಳೇ ಎಂಬುದೇ ಅನುಮಾನ" ಎಂದುಬಿಟ್ಟಿದ್ದ. ಅದನ್ನು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಆ ವಾಕ್ಯವೇ ನಿನ್ನನ್ನು ಮಲಗಿಸಿದ್ದು ಅಂತ ಕಾಣುತ್ತದೆ, ಅಲ್ಲವೇ?

ಅಮ್ಮನೇ ಹಟ ಹಿಡಿದಳು. "ಅವನು ಬೇಡ ಅಂದ್ರೆ ನಾನು ನೋಡ್ಬಾರ್ದಾ? ನಾನೇನು ಅವನನ್ನ ಕೇಳಿ ಅವನನ್ನ ಹೆತ್ನಾ?" ಎಂದಳು. ಹೋದೆವು. ಮುಕ್ಕಾಲು ಥಿಯೇಟರ್ ಖಾಲಿ. ನಮ್ಮ ಹಿಂದಿನ ಸಾಲಿನಲ್ಲಿ ಬೈದುಕೊಂಡು ನಗುವುದಕ್ಕೆಂದೇ ಬಂದಿದ್ದ ಕಾಲೇಜು ಹುಡುಗರ ಗುಂಪು.

ಮುಲಾಜಿಲ್ಲದೆ ಹೇಳುತ್ತೇನೆ. ನಿನ್ನ ಹೀರೋ ಹಾರುವಾಗ ಹಗ್ಗದ ಮೇಲೆ ಒಣಹಾಕಿದ ಪ್ಯಾಂಟಿನ ಹಾಗೆ ಕಾಣುತ್ತಾನೆ. ಖಳನಾಯಕ ಬಾಯಿ ತೆಗೆದರೆ ಮನೆಬಾಗಿಲಿಗೆ ವಿಮೆ ಮಾರಲು ಬಂದವನ ನೆನಪಾಗುತ್ತದೆ. ನಡುವೆ ಆ ಹಾಡು ಯಾಕಪ್ಪಾ? ಅಮ್ಮ ಎರಡು ಸಲ ಆಕಳಿಸಿದಳು. ಬೈದವರು ಸುಮ್ಮನೆ ಬೈದಿಲ್ಲ, ಅಷ್ಟು ನಾನೂ ಒಪ್ಪುತ್ತೇನೆ.

ಆಮೇಲೆ ಅವನು ಮನೆಗೆ ಬರುವ ಸೀನು ಬಂತು. ಕಡಲಿನಲ್ಲಿ ಮುಳುಗಿ ಸತ್ತನೆಂದು ಎಲ್ಲರೂ ಕೈತೊಳೆದುಕೊಂಡ ಹುಡುಗ. ಊರಾಚೆಯ ಪಿಸುಮಾತೂ ಕೇಳಿಸುವಂಥ ಕಿವಿ ಪಡೆದುಕೊಂಡು ವಾಪಸ್ ಬಂದಿದ್ದಾನೆ. ಬಾಗಿಲು ತಟ್ಟುತ್ತಾನೆ. ತಾಯಿ ತೆಗೆಯುತ್ತಾಳೆ, ಅವನ ಮುಖ ನೋಡುತ್ತಾಳೆ. "ಬಾಗಿಲು ಹಾಕೋ, ಸೊಳ್ಳೆ ಬರ್ತವೆ" ಎನ್ನುತ್ತಾಳೆ.

ಇಡೀ ಥಿಯೇಟರ್ ಗೊಳ್ ಎಂದಿತು. "ಸತ್ತು ಬಂದಿದಾನೆ ಗುರೂ, ಸೊಳ್ಳೆ ಅಂತೆ!" ಎಂದು ಹಿಂದಿನವನು ಸೀಟು ಬಡಿದ. ನನಗೂ ನಗು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಅಮ್ಮ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ತಿರುಗಿ ನೋಡಿದೆ. ಪರದೆಯ ಬೆಳಕಿನಲ್ಲಿ ಅವಳ ಮುಖ ಸುಣ್ಣದ ಹಾಗಿತ್ತು.

"ಅದು ನಾನು ಹೇಳಿದ್ದು," ಎಂದಳು.

ನೀನು ಕೆಲಸಕ್ಕಿದ್ದ ಲಾಂಚು ಕಡಲಿನಲ್ಲಿ ಮಗುಚಿದ ವಾರ ನಾನು ದಿನವೂ ಬಂದರಿಗೆ ಹೋಗುತ್ತಿದ್ದೆ. ದಡಕ್ಕೆ ತಂದ ಹೆಣಗಳ ಮುಖ ನೋಡುವುದು, ಇವನಲ್ಲ ಎಂದು ತಲೆಯಾಡಿಸುವುದು, ಬರುವುದು. ಪೊಲೀಸಿನವರು ಮನೆಗೇ ಬಂದು "ಇನ್ನು ಆಸೆ ಇಟ್ಕೋಬೇಡಿ" ಎಂದು ಹೇಳಿ ಹೋಗಿದ್ದರು. ಮೀನಿನ ದೋಣಿಯವರು ಎತ್ತಿಕೊಂಡು ಆಚೆ ದಡದಲ್ಲಿ ಉಳಿಸಿದ್ದ ನೀನು ಮನೆಗೆ ನಡೆದು ಬಂದ ದಿನವೂ ನಾನು ಬಂದರಿನಲ್ಲೇ ಇದ್ದೆ. ಸಂಜೆ ಬಂದರೆ ನೀನು ಅಡುಗೆಮನೆಯಲ್ಲಿ ತಟ್ಟೆಗೆ ಮುಖವಿಟ್ಟು ಉಣ್ಣುತ್ತಿದ್ದೆ, ಅಮ್ಮ "ನಿಧಾನ ತಿನ್ನೋ, ಯಾರೂ ಕಿತ್ಕೊಳ್ಳಲ್ಲ" ಎಂದು ಗದರುತ್ತಿದ್ದಳು. ಬಾಗಿಲಲ್ಲಿ ಏನಾಯಿತೆಂದು ನೀವಿಬ್ಬರೂ ನನಗೆ ಯಾವತ್ತೂ ಹೇಳಲಿಲ್ಲ. ಅದನ್ನು ನಾನು ಅಪರಿಚಿತರ ನಗುವಿನ ನಡುವೆ ಕೇಳಬೇಕಾಯಿತು.

ಆಘಾತ ಅಷ್ಟಕ್ಕೇ ಮುಗಿದಿದ್ದರೆ ನಾನು ಹಲ್ಲು ಮುರಿಯುತ್ತಿರಲಿಲ್ಲ. ಸೊಳ್ಳೆ ಮಾತಾದ ಮೇಲೆ ಆ ತಾಯಿ ಕೆಳಗಿಳಿದು ಹೋಗುತ್ತಾಳೆ. ಹುಡುಗ ಮೆಟ್ಟಿಲ ಮೇಲೆ ಕೂರುತ್ತಾನೆ. ಊರಿನ ಆಚೆ ತುದಿಗೆ ಬೆಂಕಿ ಬಿದ್ದಿದೆ. ಸೈರನ್ನು, ಚೀರಾಟ, ಗಾಜು ಒಡೆಯುವುದು ಎಲ್ಲವೂ ಅವನ ಕಿವಿಗೆ ನುಗ್ಗುತ್ತಿವೆ. ಅವನು ಒಂದೊಂದನ್ನೇ ಆಚೆಗೆ ತಳ್ಳುತ್ತಾನೆ. ಕೊನೆಗೆ ಉಳಿಯುವುದು ಕೆಳಗಿನ ಕೋಣೆಯ ಮಷೀನಿನ ಗಡಗಡ. ಒಳಗೆ ಬಟ್ಟೆಯಿಲ್ಲ, ಖಾಲಿ ಡ್ರಮ್ಮು ತಿರುಗುತ್ತಿದೆ. ಆ ಗಡಗಡದ ಅಡಿಯಲ್ಲಿ ಇನ್ನೊಂದು ದನಿ. ತಾಯಿ ಬಾಯಿಗೆ ಬಟ್ಟೆ ತುರುಕಿಕೊಂಡು ಅಳುತ್ತಿದ್ದಾಳೆ. ಕ್ಯಾಮೆರಾ ಅವನ ಮುಖ ಬಿಟ್ಟು ಅಲ್ಲಾಡುವುದಿಲ್ಲ. "ಮುಂದಕ್ಕೆ ಓಡ್ಸ್ರೋ" ಎಂದು ಕೂಗಿ ಯಾರೋ ಸಿಳ್ಳೆ ಹಾಕಿದರು.

ಆ ಸದ್ದು ನನಗೂ ಗೊತ್ತು. ಆ ವಾರ ಬಂದರಿನಿಂದ ಬರುವಾಗ ಬೀದಿಯ ತಿರುವಿನಲ್ಲೇ ನಮ್ಮ ದೊಡ್ಡ ಮಷೀನು ಕೇಳಿಸುತ್ತಿತ್ತು. ಮಗ ನೀರಿನಲ್ಲಿದ್ದಾನೆ, ಇವಳಿಗೆ ಯಾರದೋ ಬೆಡ್‌ಶೀಟಿನ ಚಿಂತೆಯೇ ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತ ಒಳಗೆ ಬರುತ್ತಿದ್ದೆ. ಅಕ್ಕಪಕ್ಕದವರು "ಗಟ್ಟಿ ಹೆಂಗಸು" ಎಂದರು, ನಾನೂ ಹಾಗೇ ನಂಬಿದೆ. ಆಮೇಲೆ ನೀನು ಗಂಟುಮೂಟೆ ಕಟ್ಟಿಕೊಂಡು ಆ ದೂರದ ಊರಿಗೆ ಹೊರಟಾಗ, ಸತ್ತು ಬಂದರೂ ಒಂದು ಒಳ್ಳೆಯ ಮಾತು ಸಿಗದ ಮನೆಯಲ್ಲಿ ಅವನು ಹೇಗಿದ್ದಾನು ಎಂದುಕೊಂಡೆ. ನಿನ್ನ ಭಾವನಿಗೂ ಅದನ್ನೇ ಕಥೆ ಮಾಡಿ ಹೇಳಿದ್ದೇನೆ. ನೀನು ನೋಡಿದರೆ ಬಂದ ದಿನವೇ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದೀಯ! ಇಷ್ಟು ದೊಡ್ಡದನ್ನು ಎದೆಯಲ್ಲಿ ಹೇಗೆ ಇಟ್ಟುಕೊಂಡಿದ್ದೆಯೋ? ನನಗೊಂದು ಮಾತು ಹೇಳಬೇಕು ಅನ್ನಿಸಲಿಲ್ಲವೇ?

ಅಮ್ಮ ಎದ್ದು ಹೊರಟೇಬಿಟ್ಟಳು. ಕತ್ತಲಲ್ಲಿ ಯಾರದೋ ಕಾಲು ತುಳಿದುಕೊಂಡು ಹಿಂದೆಯೇ ಓಡಿದೆ. ಹೊರಗೆ ಪಾಪ್‌ಕಾರ್ನ್ ಮಾರುವ ಕಡೆ ಗೋಡೆ ಹಿಡಿದು ನಿಂತಿದ್ದಳು.

"ಅವನಿಗೆ ಕೇಳಿಸ್ತಿತ್ತಾ?" ಎಂದು ಕೇಳಿದಳು. ಅವಳೇ ಮುಂದುವರಿಸಿದಳು. "ಒಂದು ಕರ್ಚೀಫೂ ಇರ್ತಿರ್ಲಿಲ್ಲ ಕಣೇ ಅದ್ರಲ್ಲಿ. ಯಾರಿಗೂ ಕೇಳಿಸ್ಬಾರ್ದು ಅಂತ್ಲೇ ಹಾಕ್ತಿದ್ದೆ. ಆ ವಾರ ಪೂರ್ತಿ ಹಾಕ್ದೆ. ಅವನು ಬಂದ ದಿನಾನೂ ಹಾಕ್ದೆ."

"ಯಾಕಮ್ಮಾ? ನನ್ ಮುಂದೆ ಅತ್ತಿದ್ರೆ ಏನಾಗ್ತಿತ್ತು?"

"ನೀನು ದಿನಾ ಹೋಗಿ ಆ ಹೆಣಗಳ ಮುಖ ನೋಡಿ ಬರ್ತಿದ್ದೆ. ನಾನೂ ಬಿದ್ದುಬಿಟ್ಟಿದ್ರೆ ನಿನ್ನ ಹಿಡ್ಕೊಳ್ಳೋರು ಯಾರಿದ್ರು?"

ತಮ್ಮಾ, ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಪಾಪ್‌ಕಾರ್ನಿನವನು ತನ್ನ ಸ್ಟೂಲನ್ನೇ ತಂದು ಹಾಕಿದ. ಆ ಗಡಗಡ ಇದ್ದದ್ದು ನನಗೋಸ್ಕರ. ನಾನು ಹೊಟ್ಟೆ ಉರಿದುಕೊಂಡು ಕೇಳುತ್ತಿದ್ದ ಸದ್ದು, ನನಗೆ ಕೇಳಿಸಬಾರದೆಂದು ಅವಳು ಎಬ್ಬಿಸುತ್ತಿದ್ದ ಸದ್ದು.

ಅಮ್ಮ ಸೆರಗಿನಿಂದ ನನ್ನ ಮುಖ ಒರೆಸಿ, ಇಷ್ಟೇ ಎನ್ನುವ ಹಾಗೆ, "ನಡಿ ಒಳಗೆ. ಆ ಹುಡುಗ ಮುಂದೇನ್ ಮಾಡ್ತಾನೆ ನೋಡ್ಬೇಕು ನಾನು" ಎಂದಳು.

ಒಳಗೆ ಹೋದಾಗ ಅವನು ಮೆಟ್ಟಿಲಿಳಿದು ಆ ಕೋಣೆಯ ಬಾಗಿಲ ಮುಂದೆ ನಿಂತಿದ್ದ. ತಟ್ಟಲು ಕೈ ಎತ್ತುತ್ತಾನೆ, ಇಳಿಸುತ್ತಾನೆ, ತಿರುಗಿ ಬೆಂಕಿಯ ಕಡೆಗೆ ಹಾರಿಹೋಗುತ್ತಾನೆ. ಅಮ್ಮ ಇದ್ದಕ್ಕಿದ್ದಂತೆ ಥಿಯೇಟರಿಗೆಲ್ಲ ಕೇಳುವ ಹಾಗೆ, "ಅಯ್ಯೋ, ಒಳಗೆ ಬರಬಾರ್ದಿತ್ತೇನೋ!" ಎಂದುಬಿಟ್ಟಳು. ಹೋಗಬಾರದಿತ್ತೇನೋ ಎನ್ನಲಿಲ್ಲ, ಗಮನಿಸು. ಬರಬಾರದಿತ್ತೇನೋ ಎಂದಳು. ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದವಳು ಆ ಬಾಗಿಲ ಒಳಗಿದ್ದಳು. ಹಿಂದಿನ ಸಾಲಿನ ಹುಡುಗರು ನಗಲಿಲ್ಲ.

ಮನೆಗೆ ಬಂದು ಬಟ್ಟೆ ಮಡಿಸುವ ಟೇಬಲ್ಲಿನ ಎದುರುಬದುರು ಕೂತೆವು. ಅಂಗಡಿಗೆ ರಜೆ, ಒಂದು ಮಷೀನೂ ಓಡುತ್ತಿರಲಿಲ್ಲ. ಅಮ್ಮ ಸಂಜೆಯವರೆಗೆ ಮಾತಾಡಿದಳು. "ಬೇರೆ ಮಾತು ಬರ್ಲಿಲ್ಲ ಕಣೇ. ನೆತ್ತಿ ಸುಡೋ ಬಿಸಿಲು, ಸೊಳ್ಳೆ ಎಲ್ಲಿಂದ ಬರ್ಬೇಕು? ಅವನ ಹೆಸರು ಹಿಡಿದು ಕರೆದಿದ್ರೆ ಅಲ್ಲೇ ಬಿದ್ದುಹೋಗ್ತಿದ್ದೆ" ಎಂದಳು. ಸೊಳ್ಳೆಯನ್ನು ನೆನೆನೆನೆದು ಪಕ್ಕೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತ ಅವಳು ಅತ್ತಳು. ನನ್ನೆದುರಿಗೇ, ದನಿ ತೆಗೆದು. ಇಷ್ಟು ವಯಸ್ಸಾದ ಮೇಲೆ ಅಮ್ಮ ಅಳುವ ದನಿ ಹೇಗಿರುತ್ತದೆಂದು ಮೊದಲ ಸಲ ಕೇಳಿದೆ.

ಬರೆದವರಿಗೆ ತಾಯಿ ಇದ್ದಳೇ ಎಂದು ಕೇಳಿದ್ದ ಆ ವಿಮರ್ಶೆಯನ್ನೂ ಅಮ್ಮನಿಗೆ ಓದಿ ಹೇಳಿದೆ. ತಲೆ ಓರೆಮಾಡಿ ಕೇಳಿ, "ಅದನ್ನ ಬರ್ದೋನ ವಿಳಾಸ ಸಿಗುತ್ತೇನೇ?" ಎಂದಳು. ಯಾಕಮ್ಮಾ ಎಂದರೆ, "ಏನಿಲ್ಲ, ಒಂದ್ಸಲ ಹೋಗಿ ಕಾಣಿಸ್ಕೊಂಡು ಬರೋಣ ಅಂತ."

ಈಗ ನನ್ನ ಅಭಿಪ್ರಾಯ. ಹಾರಾಟ ಸೋತಿದೆ, ಹಾಡು ದಂಡ, ಖಳನಾಯಕನನ್ನು ಮನೆಗೆ ಕಳಿಸು. ಆದರೆ ಎಲ್ಲರೂ ನಕ್ಕ ಆ ಸೀನು, ಅದರ ಹಿಂದೆಯೇ ಬರುವ ಮೆಟ್ಟಿಲ ಸೀನು, ಇವೆರಡಕ್ಕಾಗಿ ನಾನು ಈ ಸಿನಿಮಾದ ಅಭಿಮಾನಿ. ನಾನು ನೋಡಿದ ಹೀರೋಗಳೆಲ್ಲ ಗೋಡೆ ಒಡೆಯುತ್ತಾರೆ, ರೈಲು ನಿಲ್ಲಿಸುತ್ತಾರೆ. ಇವನೊಬ್ಬ ಕೂತು ಕೇಳಿಸಿಕೊಂಡ. ಅಷ್ಟು ಮಾಡುವುದಕ್ಕೆ ಎಂಥ ಬಲ ಬೇಕೆಂದು ಆ ವಾರ ಆ ಬೀದಿಯಲ್ಲಿ ನಡೆದಾಡಿದ ನನಗೆ ಗೊತ್ತು.

ಅಮ್ಮನದು ಮಾತ್ರ ಒಂದು ತಕರಾರಿದೆ. "ಅಷ್ಟು ದೂರ ಬಂದವನು ಬಾಗಿಲಿಂದ ತಿರುಗಿ ಹೋಗಿದ್ದು ತಪ್ಪು. ಬರ್ದವನಿಗೆ ಹೇಳು" ಎಂದಳು. ಹೇಳಿದ್ದೇನೆ. ನೀನೂ ಅವತ್ತು ಬಾಗಿಲವರೆಗೆ ಬಂದಿದ್ದೆಯಾ? ನನಗೆ ಹೇಳಬೇಡ. ಅವಳಿಗೆ ಹೇಳು.

ಯಾಕೆಂದರೆ ಶನಿವಾರ ಬೆಳಗಿನ ಬಸ್ಸಿಗೆ ಅಮ್ಮ ನಿನ್ನಲ್ಲಿಗೆ ಹೊರಟಿದ್ದಾಳೆ. ಅಂಗಡಿಗೆ ಬೀಗ, ಬಾಗಿಲಿಗೆ ಬೋರ್ಡು ಎಲ್ಲ ತಯಾರಾಗಿದೆ. ಒಬ್ಬಳೇ ಇಷ್ಟು ದೂರ ಹೋದವಳಲ್ಲ, ನಾನೂ ಬರುತ್ತೇನೆ ಎಂದೆ. "ನೀನ್ಯಾಕೆ? ಇದು ನಂದು ಅವಂದು" ಎಂದಳು. ಮುಸುಕು ತೆಗೆದು ಎದ್ದೇಳು. ಗಡ್ಡ ಬೋಳಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ನಿಂತಿರು. ಬೈದವರು ಬೈಯಲಿ, ನೀನು ಇನ್ನೂ ಬರಿ. ನಿನ್ನ ಕಿವಿ, ನಿನ್ನ ಕೈ ಎರಡೂ ಚೆನ್ನಾಗಿರಲಿ.

ಅವಳ ಚೀಲ ಬಹಳ ಭಾರವಿದೆ. ನಾನೇ ಹೊತ್ಕೋತೀನಿ ಬಿಡೋ ಎನ್ನುತ್ತಾಳೆ. ಬಿಡಬೇಡ, ಕೈಯಿಂದ ಇಸಿದುಕೋ.

ನಿನ್ನ
ಅಕ್ಕ